ಗೊಣಗಾಟವೂ ಗಣಾಚಾರವೂ



ಅಷ್ಟಾವರಣವು ವೀರಶೈವನ ಅಂಗವೆಂದೂ, ಪಂಚಾಚಾರವು ಪ್ರಾಣವೆಂದೂ, ಷಟ್‌ಸ್ಥಲವು ಆತ್ಮವೆಂದೂ ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಅಂಗವು ಕಣ್ಣಿಗೆ ಕಾಣುವಂಥದು. ಆದುದರಿಂದ ಅದರ ಅಲಂಕಾರಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ವಿಭೂತಿಯು ಹಣೆಯ ಮೇಲಿದೆ, ರುದ್ರಾಕ್ಷಿಯು ಕೊರಳಿನಲ್ಲಿದೆ, ಇಷ್ಟಲಿಂಗವು ಬೆಳ್ಳಿಯ ಕರಡಿಗೆಯಲ್ಲಿ ಎದೆಯ ಮೇಲಿದೆ. ಪ್ರಾಣವೋ ಕಾಣುವ ವಸ್ತುವಲ್ಲ. ಅದು ಇದೆಯೋ ಇಲ್ಲವೋ ಎಂಬುದನ್ನು ಉಸಿರಾಟದಿಂದಲೇ ತಿಳಿಯಬೇಕು. ಪಂಚಾಚಾರದ ಉಸಿರಾಟವು ಅಂಗಡಿಯಲ್ಲಿ, ಬಸ್ಸಿನಲ್ಲಿ, ಊಟದ ಎಲೆಯ ಮುಂದೆ, ಮಕ್ಕಳೊಡನೆ ಆಡುವ ಮಾತಿನಲ್ಲಿ ಗೊತ್ತಾಗತಕ್ಕದ್ದು. ಸದಾಚಾರ, ಲಿಂಗಾಚಾರ, ಶಿವಾಚಾರ, ಭೃತ್ಯಾಚಾರ, ಗಣಾಚಾರಗಳೆಂಬ ಆ ಐದರಲ್ಲಿ ಕಡೆಯದಾದ ಗಣಾಚಾರದ ವಿಷಯವಾಗಿ ನನಗೆ ಈಚೆಗೆ ಒಂದು ಪಾಠವಾಯಿತು. ಮೂವತ್ತು ವರ್ಷಗಳಿಂದ ಪಾಠ ಹೇಳುವುದೇ ನನ್ನ ಕಾಯಕವಾಗಿದೆ. ಹೇಳಿಸಿಕೊಳ್ಳುವ ಸರದಿ ನನಗೂ ಬಂದಿತೆಂದು ತಿಳಿದು ವಾಚಕರು ಇದನ್ನು ಓದಬೇಕು.

ಕಳೆದ ಶ್ರಾವಣದಲ್ಲಿ ಒಂದು ಸೋಮವಾರ ಶ್ರೀನಿವಾಸಪುರದಲ್ಲಿ ಪ್ರವಚನಕ್ಕೆ ನನ್ನನ್ನು ಕರೆದಿದ್ದರು. ವಿಷಯ ಸದಾಚಾರ. ಶಾಲೆ ಬಿಟ್ಟೊಡನೆ ಕೋಲಾರದಲ್ಲಿ ಸರ್ಕಾರಿ ಬಸ್ಸನ್ನು ಹತ್ತಿದೆನು. ಮುಂದಿನ ಸೀಟಿನಲ್ಲಿ ತಂದೆಯೊಬ್ಬರು ಮಗನೊಡನೆ ಕುಳಿತಿದ್ದರು. ಹುಡುಗನ ಮಡಿಲಿನಲ್ಲಿದ್ದ ನೋಟುಪುಸ್ತಕದ ಚೀಟಿಯ ಮೇಲೆ ಎರಡನೆಯ ತರಗತಿ ಎಂದು ಮುದ್ದಾದ ಅಕ್ಷರದಲ್ಲಿ ಬರೆದಿತ್ತು. ಕಂಡಕ್ಟರು ಎರಡು ಸೀಟು ಹಿಂದಿರುವಾಗಲೇ ತಂದೆಯು ಮಗನ ಕಿವಿಯ ಬಳಿ ಬಾಗಿ, “ಐದು ಅನಿ ಚೆಪ್ಪುರಾ” ಎಂದು ಪಿಸುಗುಟ್ಟಿದರು. ನಮ್ಮ ಸೀಮೆಯಲ್ಲಿ ಮನೆಯೊಳಗೆ ತೆಲುಗು, ಹೊಸಿಲು ದಾಟಿದರೆ ಕನ್ನಡ ಎಂಬ ಕುಟುಂಬಗಳು ಬಹಳ. ಕಂಡಕ್ಟರು ಬಂದು, “ಎಷ್ಟು ವರ್ಷ ಮರಿ?” ಎಂದು ಕೇಳಿದರು. ಹುಡುಗನು ಪುಸ್ತಕವನ್ನು ಮಗುಚಿ ಹಾಕಿ, “ಐದು” ಎಂದನು. ಒಂದು ಭಾಷೆಯಲ್ಲಿ ಕಲಿತದ್ದನ್ನು ಇನ್ನೊಂದು ಭಾಷೆಯಲ್ಲಿ ತಪ್ಪಿಲ್ಲದೆ ಒಪ್ಪಿಸಿದನು. ಆರು ತುಂಬಿದ ಮಗುವಿಗೆ ಅರ್ಧ ಟಿಕೆಟು ಎಂಬ ನಿಯಮವು ಕಂಡಕ್ಟರಿಗೆ ತಿಳಿಯದ್ದಲ್ಲ. ಗದ್ದಲದ ಬಸ್ಸಿನಲ್ಲಿ ವಾದವೇಕೆಂದು ಅವರು ಮುಂದೆ ಸರಿದರು. (ಹೆಣ್ಣುಮಗುವಾಗಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ, 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಪ್ರಯಾಣವು ಉಚಿತವಾಗಿದೆ.) ಹುಡುಗನು ತಲೆಯೆತ್ತಿ ತಂದೆಯ ಮುಖವನ್ನು ನೋಡಿದನು. ತಂದೆಯು ನಸುನಕ್ಕು ಅವನ ಭುಜವನ್ನು ತಟ್ಟಿದರು.

ಆ ಭುಜ ತಟ್ಟಿದ್ದು ನನ್ನ ಮನಸ್ಸಿಗೆ ಬಹಳ ನೋವನ್ನುಂಟುಮಾಡಿತು. ಮಗುವು ಸುಳ್ಳನ್ನು ಹೇಳಿತು ಎಂಬುದಕ್ಕಿಂತ ಅದಕ್ಕೆ ಬಹುಮಾನ ದೊರಕಿತು ಎಂಬುದು ಹೆಚ್ಚಿನ ಅನರ್ಥ. ಪಕ್ಕದಲ್ಲಿ ಕುಳಿತಿದ್ದವರ ಕಡೆಗೆ ತಿರುಗಿ, “ನೋಡಿದಿರಾ ಸ್ವಾಮಿ?” ಎಂದೆನು. ಅವರು ರೇಷ್ಮೆ ಇಲಾಖೆಯಿಂದ ನಿವೃತ್ತರಾದವರು. ಅವರಿಗೆ ಅಷ್ಟೇ ಸಾಕಾಯಿತು. “ಕಾಲ ಕೆಟ್ಟುಹೋಯಿತು ಮೇಷ್ಟ್ರೇ” ಎಂದು ಆರಂಭಿಸಿದರು.

ಆ ಮೇಲೆ ಶ್ರೀನಿವಾಸಪುರದ ಮಾವಿನ ತೋಪುಗಳು ಕಾಣುವವರೆಗೂ ನಾವಿಬ್ಬರೂ ಬಿಡಲಿಲ್ಲ. ಮೊಬೈಲು ಕೈಯಲ್ಲಿಲ್ಲದಿದ್ದರೆ ಮಕ್ಕಳು ತುತ್ತು ನುಂಗುವುದಿಲ್ಲವೆಂದು ಅವರೆಂದರು. ಅಜ್ಜ ಅಜ್ಜಿ, ಸೋದರಮಾವ, ದೊಡ್ಡಪ್ಪ ಎಲ್ಲರೂ ಅಂಕಲ್ ಆಂಟಿಗಳಾಗಿ ಕರಗಿಹೋದರೆಂದು ನಾನೆಂದೆನು. ಮದುವೆಯ ಮೆರವಣಿಗೆಯಲ್ಲಿ ಎದೆ ನಡುಗಿಸುವ ಡಿಜೆ, ಹುಟ್ಟುಹಬ್ಬದ ಕೇಕನ್ನು ತಿನ್ನುವುದು ಬಿಟ್ಟು ಮುಖಕ್ಕೆ ಮೆತ್ತುವ ಸಂಭ್ರಮ, ಡಿ.ವಿ.ಜಿ.ಯವರು ತಮ್ಮೂರಿನಲ್ಲಿ ಹುಟ್ಟಿದವರೆಂದು ತಿಳಿಯದ ಮುಳಬಾಗಿಲಿನ ಮಕ್ಕಳು, ಮಾಸ್ತಿಯವರ ಹೆಸರಿನಲ್ಲಿರುವುದು ತಮ್ಮ ತಾಲೂಕಿನದೇ ಒಂದು ಊರೆಂದು ಅರಿಯದ ಮಾಲೂರಿನ ಮಕ್ಕಳು, ಒಂದೊಂದಾಗಿ ಎಲ್ಲವೂ ಬಂದುಹೋದವು. 2023ರ ಜುಲೈ ತಿಂಗಳಿನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮ್ಯಾಟೊ ಕ್ರೇಟಿನ ಬೆಲೆಯು 2,000 ರೂಪಾಯಿಯನ್ನು ದಾಟಿದಾಗ ರೈತರು ರಾತ್ರಿಯೆಲ್ಲ ತೋಟವನ್ನು ಕಾಯಬೇಕಾಯಿತಲ್ಲ, ನೆರೆಯವನ ಹಣ್ಣಿಗೆ ಕೈ ಹಾಕುವ ಬುದ್ಧಿ ಎಲ್ಲಿಂದ ಬಂದಿತು ಎಂದು ಅವರು ಕೇಳಿದರು. ಮನೆಯಲ್ಲಿಯೇ ಹೇಳಿಕೊಡುವವರಿಲ್ಲ ಎಂದು ನಾನು ತೀರ್ಪು ಕೊಟ್ಟೆನು. ನಮ್ಮ ಮಾತು ಬಹಳ ರುಚಿಯಾಗಿತ್ತೆಂದು ಒಪ್ಪಿಕೊಳ್ಳಬೇಕು. ಹುರಿಗಾಳನ್ನು ಮೆಲ್ಲುವಂತೆ ಒಂದು ಮುಗಿಯುವುದರೊಳಗೆ ಇನ್ನೊಂದಕ್ಕೆ ಕೈ ಹೋಗುತ್ತಿತ್ತು. ಇಷ್ಟರಲ್ಲಿ ಒಂದು ಮಾತನ್ನಾದರೂ, ಒಂದು ಮೊಳ ದೂರದಲ್ಲಿ ಕುಳಿತಿದ್ದ ಆ ತಂದೆಗೆ ನಾವು ಹೇಳಲಿಲ್ಲ.

ಸಂಜೆ ಪ್ರವಚನದಲ್ಲಿ ಈ ಪ್ರಸಂಗವನ್ನೇ ದೃಷ್ಟಾಂತವಾಗಿ ಬಳಸಿದೆನು. ಎರಡು ಭಾಷೆಯ ಮಾತಿಗೆ ಜನರು ನಕ್ಕರು. ತಾಯಂದಿರು ತಲೆದೂಗಿದರು. ಫಲತಾಂಬೂಲ ಸ್ವೀಕರಿಸಿ ಕಡೆಯ ಬಸ್ಸಿಗೆ ಕೋಲಾರಕ್ಕೆ ಮರಳಿದೆನು.

ಬಸ್ ನಿಲ್ದಾಣಕ್ಕೆ ನನ್ನ ಮಗನು ಬಂದಿದ್ದನು. ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಅವನಿಗೆ ಕೆಲಸ. ಪಾಳಿ ಮುಗಿಸಿ ಬಂದವನು ಬಟ್ಟೆಯನ್ನೂ ಬದಲಾಯಿಸಿರಲಿಲ್ಲ. ನಮ್ಮಿಬ್ಬರ ನಡುವೆ ಸುಮಾರು ಒಂದು ವರ್ಷದಿಂದ ಸಣ್ಣ ಮುನಿಸು ನಡೆದಿತ್ತು. ಮೂರು ವರ್ಷದ ಮೊಮ್ಮಗಳಿಗೆ ಮೊಬೈಲು ತೋರಿಸಿ ಊಟ ಮಾಡಿಸುತ್ತಾರೆಂಬುದು ನನ್ನ ದೂರು. ಅದನ್ನು ನಾನು ಮನೆಯವರ ಮುಂದೆ, ನೆರೆಯವರ ಮುಂದೆ, ಶಾಲೆಯ ಸಹೋದ್ಯೋಗಿಗಳ ಮುಂದೆ ಹೇಳುತ್ತಿದ್ದೆನು. ಅವನ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ ಹೇಳುತ್ತಿದ್ದೆನು. ಅವನಿಗೆ ಹೇಳಿರಲಿಲ್ಲ. ಅವನೂ ಉತ್ತರ ಕೊಟ್ಟಿರಲಿಲ್ಲ.

ಗಾಡಿಯ ಹಿಂದೆ ಕುಳಿತು ನಾನು ಬಸ್ಸಿನ ಕಥೆಯನ್ನು ಉತ್ಸಾಹದಿಂದ ಹೇಳಿದೆನು. ಅವನು ಸ್ವಲ್ಪ ದೂರ ಸುಮ್ಮನೆ ಗಾಡಿಯನ್ನು ಓಡಿಸಿ, ಆಮೇಲೆ, “ಆ ಬಸ್ಸು ನನಗೂ ಗೊತ್ತು ಅಪ್ಪಾಜಿ” ಎಂದನು.

“ಯಾವ ಬಸ್ಸಪ್ಪಾ?”

“ಮುಳಬಾಗಿಲಿಗೆ ಚಿಕ್ಕಮ್ಮನ ಮದುವೆಗೆ ಹೋದೆವಲ್ಲ, 2004ರಲ್ಲಿ. ನನಗೆ ಏಳು ವರ್ಷ. ನೀವು ಐದು ಅನ್ನು ಅಂದಿರಿ.”

ನನಗೆ ನೆನಪಿರಲಿಲ್ಲ. ಹಾಗೆ ಹೇಳಿರಲಾರೆನು ಎಂದೆನು. ಅವನು ವಾದಿಸಲಿಲ್ಲ. “ಅದರ ಹಿಂದಿನ ವಾರವೇ ಸುಳ್ಳು ಹೇಳಬಾರದು ಅಂತ ನನ್ನ ಕೈಲಿ ನೂರು ಸಲ ಬರೆಸಿದ್ದಿರಿ. ಬಸ್ಸಿಳಿಯೋವರೆಗೂ ಅದನ್ನೇ ಯೋಚಿಸ್ತಿದ್ದೆ” ಎಂದು ಮಾತ್ರ ಹೇಳಿದನು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮನೆಯ ಗೇಟಿನ ಬಳಿ ಗಾಡಿ ನಿಲ್ಲಿಸಿ, “ಊಟ ಆಯ್ತಾ ಅಪ್ಪಾಜಿ?” ಎಂದು ಕೇಳಿ ಒಳಗೆ ಹೋದನು.

ಆ ರಾತ್ರಿ ಲಿಂಗಪೂಜೆಗೆ ಕುಳಿತರೂ ಮನಸ್ಸು ನಿಲ್ಲಲಿಲ್ಲ. ಐದಾರು ರೂಪಾಯಿಯ ಸಂಗತಿ. ಉಳಿಸಿದವನು ಮರೆತುಬಿಟ್ಟನು, ಉಳಿಸಲು ಬಾಯಿ ಕೊಟ್ಟ ಮಗುವು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಹೊತ್ತುಕೊಂಡು ನಡೆಯಿತು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವನ್ನು ಸ್ಮರಿಸುವುದು ಉಚಿತವಾಗಿದೆ. ವಾಚಕರು ಕೇಳಿದ ಕಥೆಯೇ. ಆದರೂ ನಾನು ಹಿಂದೆ ಗಮನಿಸದಿದ್ದ ಒಂದೆರಡು ಅಂಶಗಳು ಈಗ ಕಂಡುವು. ಹನ್ನೆರಡನೆಯ ಶತಮಾನದಲ್ಲಿ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ ಲಕ್ಕಮ್ಮ ದಂಪತಿಗಳ ಕಾಯಕವು, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಮಾರಯ್ಯನವರು ಶರಣರ ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತಿರಲು, ಲಕ್ಕಮ್ಮನವರು ಕಾಯಕದ ಹೊತ್ತಾಯಿತೆಂದು ಎಚ್ಚರಿಸಿದರು. ಮತ್ತೊಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತರಲು, ಇಷ್ಟು ನಮಗೇಕೆ, ನಿತ್ಯದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ತಂದ ಸ್ಥಳದಲ್ಲಿಯೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳುಹಿಸಿದರು. ಮಾರಯ್ಯನವರು ಹೋಗಿ ಸುರಿದು ಬಂದರು.

ಈ ಕಥೆಯನ್ನು ಆಸೆಯ ನಿರಾಕರಣೆಗೆ ಉದಾಹರಣೆಯಾಗಿ ಹೇಳುವುದು ರೂಢಿ. ನಾನೂ ಎಷ್ಟೋ ಬಾರಿ ಹಾಗೆಯೇ ಹೇಳಿದ್ದೇನೆ. ಆದರೆ ಆ ತಾಯಿಯು ಮಾತನ್ನು ಯಾರಿಗೆ ಹೇಳಿದರೆಂಬುದನ್ನು ನೋಡಬೇಕು. ಬಾವಿಯ ಕಟ್ಟೆಯ ಬಳಿ ನೆರೆಯ ಹೆಂಗಸರ ಮುಂದೆ, ನಮ್ಮವರಿಗೆ ಈಚೆಗೆ ಆಸೆ ಹೆಚ್ಚಾಗಿದೆ ಎಂದು ಅವರು ಹೇಳಿಕೊಳ್ಳಲಿಲ್ಲ. ಕಲ್ಯಾಣದ ಗಂಡಸರೆಲ್ಲ ಕೆಟ್ಟುಹೋದರೆಂದು ನಿಟ್ಟುಸಿರಿಡಲಿಲ್ಲ. ಯಾರಿಗೆ ಹೇಳಬೇಕೋ ಅವರಿಗೆ, ಅಕ್ಕಿಯು ಇನ್ನೂ ಚೀಲದಲ್ಲಿರುವಾಗಲೇ ಹೇಳಿದರು. ಹೇಳಿದ್ದರಿಂದ ಅವರಿಗೇ ನಷ್ಟವಾಯಿತು, ಅಷ್ಟು ಅಕ್ಕಿಯು ಮನೆಗೆ ತಪ್ಪಿತು. ಮಾರಯ್ಯನವರ ಹಿರಿಮೆಯೂ ಕಡಿಮೆಯದಲ್ಲ. ಹೆಂಡತಿಯ ಮಾತಿಗೆ ಮುಖ ಸಿಂಡರಿಸದೆ ಹಿಂದಿರುಗಿ ಹೋದರು. ಆ ಮನೆಯಲ್ಲಿ ಏಳು ವರ್ಷದ ಮಗುವೊಂದು ಇದ್ದಿದ್ದರೆ ಅದಕ್ಕೆ ಆ ದಿನ ನೂರು ಸಲ ಬರೆಯುವ ಪ್ರಮೇಯವಿರುತ್ತಿರಲಿಲ್ಲ.

ಮರುದಿನ ನಮ್ಮ ಮನೆಯವರನ್ನು, 2004ರ ಆ ಪ್ರಯಾಣವು ನೆನಪಿದೆಯೇ ಎಂದು ಕೇಳಿದೆನು. ಅವರಿಗೆ ಚೆನ್ನಾಗಿ ನೆನಪಿತ್ತು. “ಏಳಲ್ಲವೇ ಅವನಿಗೆ ಅಂತ ನಾನು ಅಂದೆ. ನೀವು ಕಣ್ಣು ಬಿಟ್ಟಿರಿ. ಸುಮ್ಮನಾದೆ” ಎಂದರು. ಲಕ್ಕಮ್ಮನವರ ಮೇಲೆ ವರ್ಷಕ್ಕೆ ನಾಲ್ಕು ಪ್ರವಚನ ಮಾಡುವವನ ಪಕ್ಕದ ಸೀಟಿನಲ್ಲಿಯೇ ಆ ದಿನ ಲಕ್ಕಮ್ಮನು ಕುಳಿತಿದ್ದಳು. ಅವಳ ಬಾಯಿಯನ್ನು ನಾನು ಕಣ್ಣಿನಿಂದ ಮುಚ್ಚಿದೆನು.

ಗಣಾಚಾರವೆಂದರೆ ಶಿವನಿಂದೆಯನ್ನೂ ಶರಣನಿಂದೆಯನ್ನೂ ಸೈರಿಸದೆ ಎದುರಿಸುವುದು, ಗಣದ ಹಿತಕ್ಕಾಗಿ ನಿಲ್ಲುವುದು ಎಂದು ಶಾಲೆಯ ಮಕ್ಕಳಿಗೆ ನಾವು ಕಲಿಸುತ್ತೇವೆ. ಸತ್ಯವೇ ಶಿವಸ್ವರೂಪವೆಂಬುದನ್ನು ಒಪ್ಪಿದವನಿಗೆ, ಮಗುವಿನ ಬಾಯಿಯಿಂದ ಸುಳ್ಳನ್ನು ಹೊರಡಿಸುವುದಕ್ಕಿಂತ ದೊಡ್ಡ ಶಿವನಿಂದೆ ಯಾವುದಿದ್ದೀತು? ಅದನ್ನು ಕಂಡು ಆ ಸಂಜೆ ಬಸ್ಸಿನಲ್ಲಿ ನಾನು ಮಾಡಿದ್ದು ಗಣಾಚಾರವಲ್ಲ, ಗೊಣಗಾಟ. ಧ್ವನಿಯಲ್ಲಿ ಎರಡೂ ನೆರೆಹೊರೆ. ನಡೆಯಲ್ಲಿ ಬಹಳ ದೂರ. ಗೊಣಗುವವನು ತಪ್ಪಿತಸ್ಥನಿಗೆ ಬೆನ್ನು ಮಾಡಿ, ತನ್ನ ಮಾತಿಗೆ ಹೂಂಗುಟ್ಟುವವನ ಕಡೆಗೆ ಮುಖ ಮಾಡಿರುತ್ತಾನೆ. ಅವನಿಗೆ ಖರ್ಚಿಲ್ಲ, ಅಪಾಯವಿಲ್ಲ. ಬದಲಾಗಿ ತಾನು ಒಳ್ಳೆಯವನೆಂಬ ತೃಪ್ತಿಯೊಂದು ಪುಕ್ಕಟೆಯಾಗಿ ದೊರಕುತ್ತದೆ. ಅದನ್ನೂ ಒಂದು ಬಗೆಯ ಟಿಕೆಟಿಲ್ಲದ ಪ್ರಯಾಣವೆಂದೇ ಹೇಳಬೇಕು.

ಹಾಗಾದರೆ ಆ ತಂದೆಯ ಮೇಲೆ ಬಸ್ಸಿನಲ್ಲಿ ಎಲ್ಲರ ಮುಂದೆ ಎಗರಿಬೀಳಬೇಕಾಗಿತ್ತೇ ಎಂದು ಕೇಳಬಹುದು. ಅದಕ್ಕಾಗಿಯೇ ನಮ್ಮ ಹಿರಿಯರು ಐದು ಆಚಾರಗಳಲ್ಲಿ ಭೃತ್ಯಾಚಾರವನ್ನೂ ಇಟ್ಟರು. ಎಲ್ಲರಿಗಿಂತ ತಾನು ಕಿರಿಯನೆಂಬ ಭಾವವದು. ಭೃತ್ಯಾಚಾರವಿಲ್ಲದ ಗಣಾಚಾರವು ಬೈಗುಳವಾಗುತ್ತದೆ, ಗಣಾಚಾರವಿಲ್ಲದ ಭೃತ್ಯಾಚಾರವು ಹೇಡಿತನವಾಗುತ್ತದೆ. ಮಗನ ಎದುರಿನಲ್ಲಿ ತಂದೆಯನ್ನು ತಲೆ ತಗ್ಗಿಸುವಂತೆ ಮಾಡಿದ್ದರೆ ಹುಡುಗನು ಸತ್ಯವನ್ನು ಕಲಿಯುತ್ತಿರಲಿಲ್ಲ, ಅವಮಾನವನ್ನು ಕಲಿಯುತ್ತಿದ್ದನು. ಬಸ್ಸಿಳಿದ ಮೇಲೆ ಪಕ್ಕಕ್ಕೆ ಕರೆದು, “ನಾನೂ ಒಂದು ಸಲ ಹೀಗೆಯೇ ಮಾಡಿದ್ದೆನಪ್ಪಾ” ಎಂದು ಹೇಳಬಹುದಾಗಿತ್ತು. ಆ ಸಂಜೆ ನನಗೆ ಆ ಮಾತು ಗೊತ್ತಿರಲಿಲ್ಲ. ಈಗ ಗೊತ್ತಿದೆ, ಆ ತಂದೆಯು ಯಾರೆಂದು ಗೊತ್ತಿಲ್ಲ.

ಬೆತ್ತದ ಕಾಲವೇ ಚೆನ್ನಾಗಿತ್ತೆಂದು ಹೇಳುವ ಹಿರಿಯರು ನಮ್ಮಲ್ಲಿ ಇದ್ದಾರೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿತು; ಅಂದಿನಿಂದ ಮಕ್ಕಳು ಕೆಟ್ಟರೆಂಬುದು ಅವರ ಮತ. ಅದಕ್ಕೆ ಮುಂಚೆ ನಾನೂ ಬೆತ್ತ ಹಿಡಿದವನು. ನನ್ನ ಬೆತ್ತದಿಂದ ಮಕ್ಕಳು ಸುಳ್ಳನ್ನು ಬಿಟ್ಟುದನ್ನು ಕಾಣೆನು. ಹಿಡಿಯಲು ಸಿಕ್ಕದಂತೆ ಹೇಳುವುದನ್ನು ಕಲಿತರು. ಇನ್ನು ಈಗಿನ ತಂದೆತಾಯಿಗಳು ಶಾಲೆಗೆ ಬಂದು, “ನಮ್ಮ ಮಾತು ಕೇಳೋದಿಲ್ಲ ಮೇಷ್ಟ್ರೇ, ನೀವೇ ಹೇಳಿ” ಎನ್ನುತ್ತಾರೆ. ಹಾಗೆ ಹೇಳುತ್ತಿರುವಾಗಲೇ ಮೊಬೈಲು ಕೂಗಿದರೆ ಎತ್ತಿಕೊಂಡು, ತಾವು ಬೆಂಗಳೂರಿನಲ್ಲಿರುವುದಾಗಿ ಹೇಳುತ್ತಾರೆ. ಮಗುವು ಪಕ್ಕದಲ್ಲಿಯೇ ನಿಂತಿರುತ್ತದೆ.

ಊಟದ ವಿಷಯದಲ್ಲಿಯೂ ಒಂದು ಮಾತುಂಟು. ಅನ್ನವು ಲಿಂಗಕ್ಕೆ ಅರ್ಪಿತವಾಗಿ ಪ್ರಸಾದವಾಗುತ್ತದೆಂದು ನಂಬಿದ ನಾವು ಕಲ್ಯಾಣಮಂಟಪಗಳಲ್ಲಿ ಅರ್ಧ ಹೋಳಿಗೆಯನ್ನು ಎಲೆಯೊಳಗೆ ಮಡಿಸಿ ಏಳುತ್ತೇವೆ. ಪ್ರಸಾದದ ಅಗುಳನ್ನೂ ಚೆಲ್ಲದ ಮಠದ ಪಂಕ್ತಿಯಲ್ಲಿ ಬೆಳೆದವರೂ ಹೀಗೆಯೇ ಮಾಡುತ್ತಾರೆ. ಕಳೆದ ಮಾಘದಲ್ಲಿ ಮಾಲೂರಿನ ಒಂದು ಮದುವೆಯಲ್ಲಿ ನನ್ನ ಎಡಗಡೆಯ ಎಲೆಯನ್ನು ನೋಡಿ ಬಲಗಡೆಯವರೊಡನೆ ಗೊಣಗಲು ಬಾಯಿ ತೆರೆದೆನು. ಅಷ್ಟರಲ್ಲಿ ನನ್ನ ಎಲೆಗೇ ಎರಡನೆಯ ಹೋಳಿಗೆ ಬಂದು ಬಿದ್ದಿತು. ಬೇಡವೆಂದು ಕೈಯಡ್ಡ ಹಿಡಿಯುವುದನ್ನು ಮಾತಿನ ಭರದಲ್ಲಿ ಮರೆತಿದ್ದೆನು. ಕಷ್ಟಪಟ್ಟು ತಿಂದೆನು. ರಾತ್ರಿಯೆಲ್ಲ ಹೊಟ್ಟೆ ಭಾರವಾಗಿತ್ತು.

ನಮ್ಮ ಜಿಲ್ಲೆಯ ಕೆರೆಗಳ ವಿಷಯವೂ ಹೀಗೆಯೇ. ವರ್ಷವೆಲ್ಲ ಹರಿಯುವ ಹೊಳೆಯಿಲ್ಲದ ಈ ನಾಡಿನಲ್ಲಿ ಹಿರಿಯರು ಸಾವಿರಾರು ಕೆರೆಗಳನ್ನು ಕಟ್ಟಿ ಮಕ್ಕಳಿಗೆ ಬಿಟ್ಟುಹೋದರು. ನಾವು ಸಾವಿರ ಅಡಿಗೂ ಮೀರಿ ಕೊಳವೆ ಬಾವಿಯನ್ನು ಕೊರೆದೆವು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬರುತ್ತಿದೆ. ಆ ನೀರು ಎಂಥದೆಂದು ದಿನವೂ ಚರ್ಚೆ ಮಾಡುವ ನಮ್ಮವರೇ, ಪೂಜೆಯ ಒಣಹೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಸಂಜೆ ಕೆರೆಗೆ ಎಸೆಯುವುದನ್ನು ನೋಡಿದ್ದೇನೆ. ಚೀಲವನ್ನು ಹಿಡಿದುಕೊಳ್ಳಲು ಮಗುವೂ ಜೊತೆಯಲ್ಲಿರುತ್ತದೆ. ಸರ್ಕಾರವನ್ನು ಪ್ರಶ್ನಿಸುವುದು ತಪ್ಪಲ್ಲ, ಪ್ರಶ್ನಿಸಬೇಕು. ಆದರೆ ಆ ಚೀಲದ ಗಂಟನ್ನು ಸರ್ಕಾರವು ಕಟ್ಟಿದ್ದಲ್ಲ.

ನನ್ನ ಮನೆಯ ವಿಷಯಕ್ಕೆ ಮರಳುತ್ತೇನೆ. ಮರುದಿನ ಸಂಜೆ ಮಗನು ಬಂದ ಮೇಲೆ ಅವನಿಗೆ, “ಅದು ನನ್ನಿಂದ ತಪ್ಪಾಯಿತಪ್ಪಾ” ಎಂದೆನು. ಇಪ್ಪತ್ತೆಂಟು ವರ್ಷದ ಮಗನಿಗೆ ಈ ಮಾತನ್ನು ಹೇಳುವುದು ಸುಲಭವೆಂದು ಯಾರಾದರೂ ತಿಳಿದಿದ್ದರೆ ಹೇಳಿ ನೋಡಬೇಕು. ಅವನು ನಾಚಿಕೊಂಡು, “ಬಿಡಿ ಅಪ್ಪಾಜಿ” ಎಂದನು. ಆಮೇಲೆ ಮೊಮ್ಮಗಳ ಊಟದ ವಿಷಯವನ್ನು ಮೊದಲ ಬಾರಿಗೆ ಅವನಿಗೇ ನೇರವಾಗಿ ಹೇಳಿದೆನು. ಆಗ ಸೊಸೆಯು ಅಡುಗೆಮನೆಯ ಬಾಗಿಲಲ್ಲಿ ನಿಂತು, ಮೆಲ್ಲಗೆ, “ಮಾವಾ, ಬೆಳಿಗ್ಗೆ ನೀವು ವಚನಗಳನ್ನ ಎಲ್ಲರಿಗೂ ವಾಟ್ಸಾಪಿನಲ್ಲಿ ಕಳಿಸ್ತೀರಲ್ಲ, ಆಗ ಪುಟ್ಟಿ ನಿಮ್ಮ ತೊಡೆ ಮೇಲೇ ಇರ್ತಾಳೆ” ಎಂದಳು. ನಿಜ. ಅರವತ್ತು ಜನರಿಗೆ ನಿತ್ಯವೂ ಶಿವಾನುಭವವನ್ನು ಕಳುಹಿಸುತ್ತಿದ್ದೆನು. ತೊಡೆಯ ಮೇಲಿದ್ದ ಒಂದು ಮಗುವಿಗೆ ನನ್ನ ಹೆಬ್ಬೆರಳು ಮಾತ್ರ ಕಾಣುತ್ತಿತ್ತು.

ನಾಲ್ವರೂ ಕುಳಿತು ಒಂದು ಒಪ್ಪಂದ ಮಾಡಿಕೊಂಡೆವು. ಊಟದ ಹೊತ್ತಿನಲ್ಲಿ ಮನೆಯ ನಾಲ್ಕು ಮೊಬೈಲುಗಳೂ ದೇವರ ಗೂಡಿನ ಪಕ್ಕದ ಬೆತ್ತದ ಬುಟ್ಟಿಯಲ್ಲಿ ಇರತಕ್ಕದ್ದು, ನನ್ನದೇ ಮೊದಲು. ಮೊದಲ ರಾತ್ರಿ ಮಗುವು ಅತ್ತು ಊಟ ಮಾಡದೆಯೇ ಮಲಗಿತು. ಎರಡನೆಯ ರಾತ್ರಿ ಅವಳ ಅಜ್ಜಿಯು ಬುಟ್ಟಿಯ ಕಡೆಗೆ ಕೈ ನೀಡಿದರು, ಸೊಸೆಯು ತಡೆದಳು. ಮೂರನೆಯ ರಾತ್ರಿ ಅನ್ನ ಸಾರನ್ನು ಕಲಸುವುದನ್ನು ತಾನೇ ಮಾಡುವೆನೆಂದು ಹಟ ಹಿಡಿದು, ನೆಲದ ಮೇಲೆ ಅರ್ಧ ಚೆಲ್ಲಿ, ಮಿಕ್ಕದ್ದನ್ನು ತಿಂದಳು. ಚೆಲ್ಲಿದ ಅಗುಳುಗಳನ್ನು ಅವಳೂ ನಾನೂ ಕುಳಿತು ಆಯ್ದೆವು.

ಅಲ್ಲಿಂದ ಇಂದಿಗೆ ಹತ್ತೊಂಬತ್ತು ದಿನಗಳಾಗಿವೆ. ನಾಲ್ಕು ದಿನ ತಪ್ಪಿದ್ದೇವೆ. ಅದರಲ್ಲಿ ಎರಡು ದಿನ ಮಗುವಿಗೆ ಜ್ವರ ಬಂದಿತ್ತು, ಒಂದು ದಿನ ಬೀಗರು ಬಂದಿದ್ದರು. ಇನ್ನೊಂದು ದಿನ ಬುಟ್ಟಿಯಿಂದ ಮೊದಲು ತೆಗೆದವನು ನಾನು.